ಸೊನಾಟಾ: ಷಡ್ಜ ಮನೆ ಬಿಟ್ಟು ಹೋಗಿ ಬರುವ ಕತೆ

ಸೊನಾಟಾ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕೈಗಡಿಯಾರ, ಇಲ್ಲವೇ ಕಾರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲು ಹೊರಟವರಿಗೆ ಈ ಪದ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಸಿಕ್ಕಾಗಲೆಲ್ಲ ಒಂದೇ ಅರ್ಥದಲ್ಲಿ ಸಿಗುವುದಿಲ್ಲ ಅನ್ನುವುದೇ ತಲೆನೋವು.

ಮೂಲ ಅರ್ಥವೇನೋ ತೀರಾ ಸರಳ. ಇಟಾಲಿಯನ್ ಭಾಷೆಯಲ್ಲಿ 'ಸುವೊನಾರೆ' ಎಂದರೆ ನುಡಿಸು, 'ಕಂತಾರೆ' ಎಂದರೆ ಹಾಡು. ನುಡಿಸಿದ್ದು ಸೊನಾಟಾ, ಹಾಡಿದ್ದು ಕಂಟಾಟಾ. ವಾದ್ಯದ್ದೋ ಬಾಯಿಯದ್ದೋ ಎಂದು ಗುರುತಿಸಲು ಅಂಟಿಸಿದ ಚೀಟಿ, ಅಷ್ಟೇ. 1597ರಲ್ಲಿ ವೆನಿಸ್‌ನ ಜೊವಾನಿ ಗ್ಯಾಬ್ರಿಯೇಲಿ ಪ್ರಕಟಿಸಿದ 'ಸೊನಾಟಾ ಪಿಯಾನ್ ಎ ಫೋರ್ಟೆ'ಯಲ್ಲಿ ಎಂಟು ವಾದ್ಯಗಳು ಎರಡು ಗುಂಪಾಗಿ ಎದುರುಬದುರು ನುಡಿಯುತ್ತವೆ. ಎಲ್ಲಿ ಮೆಲ್ಲಗೆ, ಎಲ್ಲಿ ಜೋರು ಎಂದು ಹಾಳೆಯ ಮೇಲೆ ಬರೆದಿಟ್ಟ ಮೊದಮೊದಲ ಕೃತಿಗಳಲ್ಲಿ ಅದೂ ಒಂದು. ಆದರೆ ಇಂದು ನಾವು ಸೊನಾಟಾ ಅನ್ನುವುದಕ್ಕೂ ಅದಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೇನೂ ಇಲ್ಲ.

ಮುಂದೆ ಬಂದ ಬರೋಕ್ ಕಾಲದಲ್ಲಿ, ಅಂದರೆ ಸುಮಾರು 1600ರಿಂದ 1750ರವರೆಗೆ, ಪದಕ್ಕೆ ತುಸು ಮೈ ಬಂತು. ಇಟಲಿಯ ಸಂಗೀತಗಾರ ಕೊರೆಲ್ಲಿಯ ಸೊನಾಟಾಗಳಲ್ಲಿ ಚರ್ಚಿಗೆ ಒಂದು ಬಗೆ, ಮನೆಯ ದಿವಾನಖಾನೆಗೆ ಇನ್ನೊಂದು ಬಗೆ. ಚರ್ಚಿನದ್ದು ಗಂಭೀರ, ಮನೆಯದ್ದರಲ್ಲಿ ಕುಣಿತದ ಗತ್ತು. ಇವನ 'ಟ್ರಯೋ ಸೊನಾಟಾ' ನುಡಿಸಲು ಸಾಮಾನ್ಯವಾಗಿ ನಾಲ್ವರು ಬೇಕು! ಬರೆದ ಸಾಲು ಮೂರು. ಕೆಳಗಿನ ಸಾಲನ್ನು ದೊಡ್ಡ ಪಿಟೀಲಿನಂಥ ಚೆಲ್ಲೋ ಮತ್ತು ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ ಹಾರ್ಪ್ಸಿಕಾರ್ಡ್ ಹಂಚಿಕೊಳ್ಳುತ್ತವೆ. ಸ್ಪೇನಿನ ರಾಣಿಯ ಆಶ್ರಯದಲ್ಲಿದ್ದ ದೊಮೆನಿಕೊ ಸ್ಕಾರ್ಲಾಟಿಯ ಹೆಸರಲ್ಲಿ 555 ಕೀಲಿಮಣೆ ಸೊನಾಟಾಗಳಿವೆ. ಬಹುಪಾಲು ಒಂದೇ ಭಾಗದವು, ಐದಾರು ನಿಮಿಷಕ್ಕೆ ಮುಗಿಯುವಂಥವು.

ಮಾತಿಲ್ಲದ, ಕತೆಯಿಲ್ಲದ, ದೇವರ ಹೆಸರೂ ಇಲ್ಲದ ಈ ಸಂಗೀತ ಕಂಡು ಫ್ರೆಂಚ್ ಲೇಖಕ ಫಾಂತೆನೆಲ್ 'ಸೊನಾಟಾ, ನನ್ನಿಂದ ನಿನಗೇನು ಬೇಕು?' ಎಂದು ಕೇಳಿದನಂತೆ. ರೂಸೋ ತನ್ನ ಸಂಗೀತ ನಿಘಂಟಿನಲ್ಲಿ ಇದನ್ನು ದಾಖಲಿಸಿದ್ದಾನೆ. ಸಾಹಿತ್ಯವನ್ನು ಹಿಡಿದೇ ಸಂಗೀತದೊಳಗೆ ಹೋಗುವ ನಮ್ಮಂಥವರಿಗೂ ಕೇಳಬೇಕೆನಿಸುವ ಪ್ರಶ್ನೆಯೇ ಇದು. ಮಾತಿಲ್ಲದೆ ಹತ್ತು ನಿಮಿಷ ಕೇಳುಗನನ್ನು ಹಿಡಿದು ಕೂರಿಸುವುದು ಹೇಗೆ? ಅದಕ್ಕೆ ಬರೋಕ್ ನಂತರ ಬಂದ ಹೈಡನ್, ಮೊಜಾರ್ಟ್ ಕಾಲದವರು ಕಂಡುಕೊಂಡ ದಾರಿಯೇ 'ಸೊನಾಟಾ ರೂಪ'.

ಗೊಂದಲ ಹುಟ್ಟುವುದು ಇಲ್ಲೇ. ಸೊನಾಟಾ ಎಂದರೆ ಇಡೀ ಕೃತಿ: ಒಂದು ಅಥವಾ ಎರಡು ವಾದ್ಯಕ್ಕೆಂದು ಬರೆದ, ಮೂರೋ ನಾಲ್ಕೋ ಭಾಗಗಳಿರುವ ರಚನೆ. ಸೊನಾಟಾ ರೂಪ ಎಂದರೆ ಅದರ ಒಂದು ಭಾಗದ, ಹೆಚ್ಚಾಗಿ ಮೊದಲನೆಯದರ, ಒಳಗಿನ ಕಟ್ಟಡ. ಸಿಂಫನಿಯ ಮೊದಲ ಭಾಗವೂ ಇದೇ ರೂಪದಲ್ಲಿರುತ್ತದೆ, ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್‌ನದ್ದೂ ಅಷ್ಟೇ. ಒರಟಾಗಿ ಹೇಳಿದರೆ ಸಿಂಫನಿ ಅಂದರೆ ಆರ್ಕೆಸ್ಟ್ರಾ ನುಡಿಸುವ ಸೊನಾಟಾ.

ಪಠ್ಯಪುಸ್ತಕಗಳು ಈ ರೂಪಕ್ಕೆ ಮೂರು ಮೆಟ್ಟಿಲು ಹೇಳುತ್ತವೆ: ನಿರೂಪಣೆ, ವಿಸ್ತಾರ, ಪುನರಾಗಮನ. ಅದನ್ನು ಬಾಯಿಪಾಠ ಮಾಡಿಕೊಂಡು ಕೇಳಲು ಕೂತರೆ ಏನೂ ದಕ್ಕುವುದಿಲ್ಲ, ನನಗಂತೂ ದಕ್ಕಲಿಲ್ಲ. ನನಗೆ ಅರ್ಥ ಮಾಡಿಸಿದ್ದು ಪಕ್ಕದ ಮನೆಯ ಹುಡುಗಿ. ಪಿಯಾನೊ ಪರೀಕ್ಷೆಗೆಂದು ತಿಂಗಳುಗಟ್ಟಲೆ ಒಂದೇ ಪಾಠ ತಿಕ್ಕುತ್ತಿದ್ದಳು: ಮೊಜಾರ್ಟ್‌ನ ಸಿ ಮೇಜರ್ ಸೊನಾಟಾ, ಕೆ. 545 (ಕೋಶೆಲ್ ಎಂಬಾತ ಕೊಟ್ಟ ಕ್ರಮಸಂಖ್ಯೆ). ಮೊಜಾರ್ಟ್ 1788ರ ಜೂನ್‌ನಲ್ಲಿ ಇದನ್ನು ಹೊಸಬರಿಗಾಗಿ ಎಂದೇ ತನ್ನ ಪಟ್ಟಿಯಲ್ಲಿ ಬರೆದುಕೊಂಡಿದ್ದಾನೆ.

ಅದರ ಆರಂಭವನ್ನು ನಮ್ಮ ಸ್ವರದಲ್ಲಿ ಹೇಳಿಬಿಡಬಹುದು: ಸಾ ಗ ಪ, ನೀ ಸರಿಸಾ. ಅಪ್ಪಟ ಶಂಕರಾಭರಣದ ಸ್ವರಗಳು. ಎಡಗೈ ಕೆಳಗೆ ಸ ಪ ಗ ಪ ಎಂದು ತೊಟ್ಟಿಲು ತೂಗುತ್ತಿರುತ್ತದೆ. ಐದನೇ ಬಾರ್‌ನಿಂದ (ಬಾರ್ ಅಂದರೆ ತಾಳದ ಒಂದು ಸುತ್ತು) ಬಲಗೈ ಸರಳೆ ವರಸೆ ಒಪ್ಪಿಸುವ ಹಾಗೆ ಮೇಲಕ್ಕೂ ಕೆಳಕ್ಕೂ ಓಡುತ್ತದೆ. ಇಷ್ಟರವರೆಗೆ ಎಲ್ಲ ಮನೆಯಂಗಳದಲ್ಲೇ, ಅಂದರೆ ಹೊರಟ ಷಡ್ಜದ ಆಸರೆಯಲ್ಲೇ. ಆಮೇಲೆ ಎರಡನೇ ಧಾಟಿ ಬರುವ ಹೊತ್ತಿಗೆ ಶುದ್ಧ ಮಧ್ಯಮ ಜಾಗ ಬಿಟ್ಟು ಪ್ರತಿಮಧ್ಯಮ ಬಂದು ಕೂರುತ್ತದೆ. ತಂಬೂರಿ ಹಿಡಿದವರಿಗೆ ಇದು ಕಲ್ಯಾಣಿ. ಆದರೆ ಇಲ್ಲಿ ತಂಬೂರಿಯೇ ಇಲ್ಲ. ಕೆಳಗಿನ ಎಡಗೈಯೂ ಹೊಸ ಜಾಗಕ್ಕೆ ಬಂದುಬಿಟ್ಟಿದೆ. ಪಂಚಮವೇ ಈಗ ಷಡ್ಜ. ನಾವು ಗ್ರಹಭೇದ ಎಂದು ಕ್ಷಣಹೊತ್ತು ತೋರಿಸಿ ಮರಳಿ ಬರುವ ಚಮತ್ಕಾರ ಉಂಟಲ್ಲ, ಅದನ್ನೇ ಇವರು ಬಿಡಾರ ಹೂಡಿ ನಡೆಸುತ್ತಾರೆ. ಹೊಸ ಷಡ್ಜದ ಮೇಲೆಯೇ ನಿರೂಪಣೆ ಮುಗಿಯುತ್ತದೆ. ಅಂದರೆ ಮನೆಯಿಂದ ಹೊರಬಿದ್ದು ಬೇರೆ ಊರಿನಲ್ಲಿ ನಿಂತಿದ್ದೇವೆ.

ವಿಸ್ತಾರದ ಭಾಗ ಇಲ್ಲಿ ಬರೀ 13 ಬಾರ್. ಅದೇ ಹೊಸ ಷಡ್ಜ, ಆದರೆ ಗಾಂಧಾರ ಇಳಿದು ಮೋಡ ಕವಿದಂತಾಗುತ್ತದೆ. ಅಲ್ಲಿಂದ ಮುಂದೆ ಷಡ್ಜ ಎಲ್ಲೂ ನಿಲ್ಲದೆ ಅಲೆಯುತ್ತದೆ.

ಪುನರಾಗಮನದಲ್ಲಿ ಮೊದಲ ಧಾಟಿ ಮೊದಲ ಷಡ್ಜಕ್ಕೇ ಬರಬೇಕು, ಅದು ರೂಢಿ. ಒಂದು ಸಂಜೆ ಆ ಹುಡುಗಿ 42ನೇ ಬಾರ್‌ಗೆ ಬಂದಾಗ ಸಂಗೀತ ಪಾಠ ಹೇಳುವ ನಮ್ಮ ಅತ್ತಿಗೆ ಅಡುಗೆಮನೆಯಿಂದಲೇ ಕೂಗಿದರು, "ಏನೋ ಇದು, ಮಧ್ಯಮ ಶ್ರುತಿಗೆ ಹೋಗಿಬಿಟ್ಳಲ್ಲೋ!" ಹುಡುಗಿಯದ್ದು ತಪ್ಪಲ್ಲ, ಮೊಜಾರ್ಟ್‌ನ ಕಿತಾಪತಿ. ಸಿ ನಮ್ಮ ಷಡ್ಜವಾದರೆ ಎಫ್ ಮಧ್ಯಮ, ಜಿ ಪಂಚಮ. ಧಾಟಿ ಅದೇ, ಆದರೆ ಎಫ್‌ನಲ್ಲಿ ಬರುತ್ತದೆ. ನಮ್ಮಲ್ಲಿ ಪುನ್ನಾಗವರಾಳಿಗೋ ನವರೋಜಿಗೋ ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಹಾಡುವ ಹಾಗೆ. ಮನೆಗೆ ಬಂದೆವು ಅಂದುಕೊಂಡರೆ ಪಕ್ಕದ ಮನೆಯ ಬಾಗಿಲು! ಆದರೆ ಲೆಕ್ಕ ನೋಡಿ. ಮೊದಲ ಸಲ ಸಿಯಿಂದ ಐದು ಸ್ವರ ಮೇಲಿನ ಜಿಗೆ ಹೋಗಿದ್ದ. ಈಗ ಎಫ್‌ನಿಂದ ಅದೇ ಐದು ಸ್ವರ ಏರಿದರೆ ಸಿಗುವುದು ಸಿ. ಎರಡನೇ ಧಾಟಿ ತನ್ನಷ್ಟಕ್ಕೆ ಮೂಲ ಷಡ್ಜಕ್ಕೆ ಬಂದಿಳಿಯುತ್ತದೆ. ಕೆಲವರು ಇದನ್ನು ಸೋಮಾರಿಯ ಅಡ್ಡದಾರಿ ಅನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ, ಸೋಮಾರಿಯಾಗಿದ್ದರೆ ಆ ಸರಳೆ ವರಸೆಯ ಓಟವನ್ನು ಎರಡನೇ ಸಲ ಇನ್ನಷ್ಟು ಉದ್ದ ಬರೆಯುತ್ತಿರಲಿಲ್ಲ.

ಪಲ್ಲವಿ, ಅನುಪಲ್ಲವಿ, ಚರಣಕ್ಕೆ ಇದನ್ನು ಹೋಲಿಸುವವರಿದ್ದಾರೆ. ಹೊರಟಲ್ಲಿಗೆ ಮರಳುವುದು ಎರಡರಲ್ಲೂ ಉಂಟು, ನಿಜ. ಆದರೆ ಕೃತಿಯಲ್ಲಿ ನಾವು ಮರಳುವುದು ಸಾಲಿಗೆ, ಶ್ರುತಿ ಕದಲುವುದೇ ಇಲ್ಲ. ಸೊನಾಟಾದ ನಾಟಕವೆಲ್ಲ ಶ್ರುತಿ ಕದಲುವುದರಲ್ಲೇ ಇದೆ.

ಮೊಜಾರ್ಟ್‌ಗಾಗಲಿ ಹೈಡನ್‌ಗಾಗಲಿ 'ಸೊನಾಟಾ ರೂಪ' ಎಂಬ ಮಾತೇ ಗೊತ್ತಿರಲಿಲ್ಲ. ಅದನ್ನು ಪಾಠವಾಗಿ ಗಟ್ಟಿಮಾಡಿದವನು ಬರ್ಲಿನ್ನಿನ ಎ. ಬಿ. ಮಾರ್ಕ್ಸ್, 1840ರ ದಶಕದಲ್ಲಿ (ದಾಸ್ ಕ್ಯಾಪಿಟಲ್‌ನ ಮಾರ್ಕ್ಸ್ ಬೇರೆ). ಆಗ ಮೊಜಾರ್ಟ್ ತೀರಿಕೊಂಡು ಅರ್ಧ ಶತಮಾನವೇ ಆಗಿತ್ತು. ಲಕ್ಷ್ಯ ಮೊದಲು, ಲಕ್ಷಣ ಆಮೇಲೆ.

ಅಷ್ಟರಲ್ಲಿ ಬೀಥೋವನ್ ತನ್ನ 32 ಪಿಯಾನೊ ಸೊನಾಟಾಗಳಲ್ಲಿ ಈ ಕಟ್ಟಡದ ಗೋಡೆಗಳನ್ನು ಬೇಕಾದಲ್ಲಿ ಸರಿಸಿ ಆಗಿತ್ತು. ಎಲ್ಲರಿಗೂ ಗೊತ್ತಿರುವ 'ಮೂನ್‌ಲೈಟ್' ನಿಧಾನ ಭಾಗದಿಂದ ಶುರುವಾಗುತ್ತದೆ. ಸೊನಾಟಾ ರೂಪ ಇರುವುದು ಬಿರುಗಾಳಿಯಂಥ ಕೊನೆಯ ಭಾಗದಲ್ಲಿ. ಬೆಳದಿಂಗಳ ಹೆಸರು ಅವನಿಟ್ಟದ್ದಲ್ಲ, ಅವನು ಸತ್ತ ಮೇಲೆ ವಿಮರ್ಶಕ ರೆಲ್‌ಸ್ಟಾಬ್ ಆಡಿದ ಮಾತಿನಿಂದ ಬಂದದ್ದು. ಕೊನೆಯ ಪಿಯಾನೊ ಸೊನಾಟಾಗೆ ಎರಡೇ ಭಾಗ. 1853ರಲ್ಲಿ ಹಂಗೇರಿಯ ಪಿಯಾನೊ ವಾದಕ ಲಿಸ್ಟ್ ಇನ್ನೂ ಮುಂದೆ ಹೋಗಿ, ಅರ್ಧ ಗಂಟೆಯ ಬಿ ಮೈನರ್ ಸೊನಾಟಾವನ್ನು ಎಲ್ಲೂ ತುಂಡರಿಸದೆ ಒಂದೇ ಉಸಿರಿನಲ್ಲಿ ಬರೆದ.

ಇಪ್ಪತ್ತನೇ ಶತಮಾನದಲ್ಲಿ ಹಲವರಿಗೆ ಈ ರೂಪ ಹಳಸಲು ಅನಿಸಿತು. ಬಿಡದೆ ಹಿಡಿದವರಲ್ಲಿ ರಷ್ಯಾದ ನಿಕೊಲಾಯ್ ಮೆಟ್ನರ್ ಒಬ್ಬ. ಪಿಯಾನೊಗೇ 14 ಸೊನಾಟಾ ಬರೆದವನು. ಲಂಡನ್ನಿನಲ್ಲಿ ಕಾಯಿಲೆಯಿಂದ, ಕೇಳುವವರಿಲ್ಲದೆ ಕೂತಿದ್ದಾಗ ಅವನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟು 1948ರಲ್ಲಿ ಮೆಟ್ನರ್ ಸೊಸೈಟಿ ಕಟ್ಟಿಸಿದವರು ನಮ್ಮ ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತಕ್ಕೂ ಹೆಚ್ಚು ಕರ್ನಾಟಕ ಕೃತಿಗಳನ್ನು ರಚಿಸಿದ ಅವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಮೆಟ್ನರ್ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು (ಆರ್ಕೆಸ್ಟ್ರಾ ಜೊತೆ ಪಿಯಾನೊ ನುಡಿಸುವ ಕೃತಿ) ಮೈಸೂರಿನ ಮಹಾರಾಜರಿಗೆ ಅರ್ಪಿಸಿದ.

ಅದೇ ಮೆಟ್ನರ್‌ನ ಇನ್ನೊಂದು ಕೃತಿಯ ಹೆಸರು 'ಸೊನಾಟಾ ವೊಕಲೀಸ್'. ಪಿಯಾನೊ ಜೊತೆಗೆ ಹಾಡುವ ದನಿ. ಮೊದಲಲ್ಲಿ ಜರ್ಮನ್ ಕವಿ ಗಯಟೆಯ ಕೆಲವು ಸಾಲು, ಆಮೇಲೆ ಸಾಹಿತ್ಯವೇ ಇಲ್ಲ. ನುಡಿಸಿದ್ದೇ ಸೊನಾಟಾ, ಹಾಡಿದ್ದಲ್ಲ ಎಂದು ಹೊರಟ ಪದ, ಮುನ್ನೂರು ವರ್ಷ ಸುತ್ತಿ ಗಂಟಲಿಗೆ ಬಂದು ಕೂತಿದೆ.