ಸ್ಟೀರಾಯ್ಡ್ ತೆಗೆದುಕೊಳ್ಳುವವರ ಸಣ್ಣ ಹೊಟ್ಟೆನೋವು

ಕ್ರೋನ್ಸ್ ಎಂಬ ದೀರ್ಘಕಾಲದ ಕರುಳಿನ ಕಾಯಿಲೆಯಲ್ಲಿ ಉರಿಯೂತ ಕರುಳಿನ ಒಳಪದರದಲ್ಲೇ ನಿಲ್ಲುವುದಿಲ್ಲ, ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯುತ್ತದೆ. ಜೀವಕ್ಕೆ ಕುತ್ತು ತರುವ ತೊಡಕುಗಳು ಬಹುಪಾಲು ಹುಟ್ಟುವುದು ಇಲ್ಲಿಂದಲೇ. ಗಾಯ ಮಾಗುತ್ತಾ ಕರುಳು ಕಿರಿದಾದರೆ ಅಡಚಣೆ. ಗೋಡೆ ತೂತಾದರೆ ಕೀವುಗಡ್ಡೆ, ಇಲ್ಲವೇ ಹೊಟ್ಟೆಯೊಳಗೆಲ್ಲ ಸೋಂಕು.

ಅಡಚಣೆಯನ್ನು ಮನೆಯಲ್ಲಿ ಮೊದಲು ಗ್ಯಾಸ್ ಅಂದುಕೊಳ್ಳುತ್ತಾರೆ. ಊಟವಾದ ಮೇಲೆ ಹೊಟ್ಟೆ ಉಬ್ಬುತ್ತದೆ, ಗುಡುಗುಡು ಅನ್ನುತ್ತದೆ, ನೋವು ಹಿಂಡಿ ಹಿಂಡಿ ಬರುತ್ತದೆ, ವಾಂತಿಯಾದರೆ ಹಗುರ. ಸೋಡಾ, ಜೀರಿಗೆ ಕಷಾಯದಲ್ಲೇ ತಿಂಗಳುಗಟ್ಟಲೆ ದೂಡಿದವರನ್ನು ನೋಡಿದ್ದೇನೆ. ವಾಂತಿ ಹಸಿರಾಗಿ, ಮಲವೂ ಹೂಸೂ ನಿಂತುಹೋದರೆ ಬೆಳಗಾಗಲಿ ಎಂದು ಕಾಯಬಾರದು.

ನನಗೆ ಇದಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಜೋರಾಗಿಲ್ಲದ ನೋವು. ಪೀಣ್ಯದ ಕಾರ್ಖಾನೆಯೊಂದರ ಹುಡುಗ ಕ್ರೋನ್ಸ್‌ಗಾಗಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯಲ್ಲಿದ್ದ. "ಅಷ್ಟೇನ್ ನೋವಿಲ್ಲ ಸಾರ್, ಅಮ್ಮ ಬಲವಂತ ಮಾಡಿ ಕರ್ಕೊಂಡ್ ಬಂದ್ರು" ಅಂದ. ಜ್ವರವಿರಲಿಲ್ಲ. ಒತ್ತಿ ನೋಡಿದರೆ ಹೊಟ್ಟೆ ಮೆತ್ತಗೇ ಇತ್ತು. ನಾಡಿ ಮಾತ್ರ ನಿಮಿಷಕ್ಕೆ 120 ದಾಟಿತ್ತು. ನಿಲ್ಲಿಸಿ ತೆಗೆಸಿದ ಎದೆಯ ಎಕ್ಸ್‌ರೇಯಲ್ಲಿ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಕೆಳಗೆ ತೆಳ್ಳನೆಯ ಕಪ್ಪು ಪಟ್ಟಿ: ತೂತಾದ ಕರುಳಿನಿಂದ ಸೋರಿದ ಗಾಳಿ. ಅದೇ ರಾತ್ರಿ ಆಪರೇಷನ್ ಆಯಿತು, ಹುಡುಗ ಉಳಿದ. ಆ ತಾಯಿಯನ್ನು ಈಗಲೂ ನೆನೆಯುತ್ತೇನೆ. ಸ್ಟೀರಾಯ್ಡ್ ಉರಿಯೂತದ ಜೊತೆಗೆ ಜ್ವರವನ್ನೂ ಹೊಟ್ಟೆಯ ಬಿಗಿತವನ್ನೂ ಅಡಗಿಸಿಬಿಡುತ್ತದೆ. ಹಾಗೆಂದು ಹೆದರಿ ಮಾತ್ರೆಯನ್ನು ಒಮ್ಮೆಲೇ ಬಿಡಬೇಡಿ. ವಾರಗಟ್ಟಲೆ ತೆಗೆದುಕೊಂಡವರು ಹಠಾತ್ತನೆ ನಿಲ್ಲಿಸಿದರೆ ಬಿಪಿ ಕುಸಿದು ಅದೇ ಬೇರೊಂದು ಅಪಾಯ.

ನಮ್ಮಲ್ಲಿ ಇನ್ನೊಂದು ತಲೆನೋವು ಕರುಳಿನ ಕ್ಷಯ. ಅದೂ ಕ್ರೋನ್ಸ್‌ನಂತೆಯೇ ಸಣ್ಣ ಕರುಳು ದೊಡ್ಡ ಕರುಳನ್ನು ಕೂಡುವ ಜಾಗವನ್ನೇ ಹೆಚ್ಚಾಗಿ ಹಿಡಿಯುತ್ತದೆ, ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲೂ ಎಷ್ಟೋ ಸಲ ಗುಟ್ಟು ಬಿಟ್ಟುಕೊಡುವುದಿಲ್ಲ. ಕ್ಷಯವಿದ್ದು ಸ್ಟೀರಾಯ್ಡ್ ಕೊಟ್ಟರೆ ಸೋಂಕು ಹರಡುತ್ತದೆ. ಕ್ರೋನ್ಸ್‌ಗೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಇಂಜೆಕ್ಷನ್‌ಗಳು ಸುಪ್ತ ಕ್ಷಯವನ್ನೂ ಎಬ್ಬಿಸಬಲ್ಲವು. ಅದಕ್ಕೇ ಇವನ್ನು ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ ಬರೆಯುವುದು. ದಯವಿಟ್ಟು ತಪ್ಪಿಸಬೇಡಿ.

ಕಾಯಿಲೆ ಕೆರಳಿದಾಗ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚುತ್ತದೆ. ಒಂದೇ ಕಾಲು ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅದು ಕರುಳಿಗೆ ಸಂಬಂಧವಿಲ್ಲದ್ದು ಎಂದು ಬಿಡಬೇಡಿ.

ಇಂಥ ಲಕ್ಷಣ ಕಂಡಾಗ, ನಿಮ್ಮ ಡಾಕ್ಟರು ಜಯನಗರದಲ್ಲಿದ್ದಾರೆಂದು ಯಲಹಂಕದಿಂದ ಟ್ರಾಫಿಕ್‌ನಲ್ಲಿ ಹೊರಡಬೇಡಿ. ಸರ್ಜನ್ನೂ ಸಿಟಿ ಸ್ಕ್ಯಾನೂ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ, ಬೇಕಿದ್ದರೆ 108ಕ್ಕೆ ಕರೆ ಮಾಡಿ. ಅಲ್ಲಿ ಮೊದಲ ಮಾತಿಗೇ "ಕ್ರೋನ್ಸ್ ಇದೆ, ಸ್ಟೀರಾಯ್ಡ್ ತಗೊಳ್ತಿದ್ದೀನಿ" ಎಂದು ಹೇಳಿ, ಮಾತ್ರೆಯ ಚೀಟಿ ತೋರಿಸಿ.