ಸ್ಪೀಕರ್ ಯಾರ ಅಕೌಂಟಿನಲ್ಲಿದೆ?

ಮೈಸೂರಿನ ಮನೆಗಳಿಗೆ ವೈಫೈ, ಸಿಸಿಟಿವಿ ಹಾಕಿಕೊಡುವುದು ನನ್ನ ಕೆಲಸ. ಈಚೆಗೆ ಅಲೆಕ್ಸಾ, ಗೂಗಲ್ ಥರದ ಮಾತು ಕೇಳುವ ಸ್ಪೀಕರ್‌ಗಳೂ ಅದಕ್ಕೆ ಸೇರಿಕೊಂಡಿವೆ. 'ನಾವು ಆಡೋ ಮಾತೆಲ್ಲ ಅದು ಕೇಳಿಸಿಕೊಳ್ಳುತ್ತಂತೆ, ಹೌದಾ?' ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಇದು ಯಾರ ಅಕೌಂಟಿನಲ್ಲಿದೆ?

ಕುವೆಂಪುನಗರದ ಒಂದು ಮನೆ. ರಿಟೈರ್ ಆದ ಮೇಷ್ಟ್ರು, ಅವರ ಮನೆಯವರು, ಇಬ್ಬರೇ. ಮಗ ಅಮೆರಿಕದಲ್ಲಿ. ಊರಿಗೆ ಬಂದಾಗ ಸ್ಪೀಕರ್ ತಂದು, ತನ್ನದೇ ಅಕೌಂಟ್ ಹಾಕಿ, ಹಾಲ್‌ನಲ್ಲಿ ಇಟ್ಟು ಹೋಗಿದ್ದ. ಬೆಳಗ್ಗೆ ದೇವರನಾಮ, ಸಂಜೆ ವಾರ್ತೆ. ಅಮ್ಮ ಖುಷಿಯಾಗಿದ್ದರು. ಒಂದು ದಿನ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಅದನ್ನು ಕೇಳಿದ್ದಾರೆ, ಎದೆ ಉರಿಗೂ ಹಾರ್ಟ್ ಅಟ್ಯಾಕಿಗೂ ಏನು ವ್ಯತ್ಯಾಸ ಅಂತ. ಮಾರನೇ ದಿನವೇ ಮಗನ ಫೋನು. 'ಎದೆನೋವು ಬಂದಿದ್ರೆ ನನಗ್ಯಾಕಮ್ಮ ಹೇಳಲಿಲ್ಲ?'

'ನೋಡಪ್ಪ, ಇದು ಚಾಡಿ ಹೇಳುತ್ತೆ' ಅಂತ ಅಮ್ಮ ನನ್ನನ್ನು ಕರೆಸಿದರು.

ಮಗನಿಗೆ ವಿಡಿಯೋ ಕಾಲ್ ಹಚ್ಚಿ, ಅವನ ಫೋನಿನ ಆ್ಯಪ್‌ನಲ್ಲಿ ವಾಯ್ಸ್ ಹಿಸ್ಟರಿ ತೆಗೆಸಿದೆ. ಹೇಳಿದ್ದೆಲ್ಲ ಸಾಲಾಗಿ ಇತ್ತು. ದಿನಾಂಕ, ಗಂಟೆ, ಮಾತಿನ ಅಕ್ಷರರೂಪ, ಪಕ್ಕದಲ್ಲಿ ಪ್ಲೇ ಬಟನ್. ಒಂದು ಸಾಲಿನಲ್ಲಿ ಮಾತ್ರ ಅಕ್ಷರ ಏನೇನೋ ಆಗಿತ್ತು. ಒತ್ತಿದರೆ ಮೇಷ್ಟ್ರ ದನಿ: 'ಅವನಿಗೆ ಹೇಳಬೇಡ ಕಣೇ, ಸುಮ್ನೆ ಗಾಬರಿ ಆಗ್ತಾನೆ.' ಮೂವರೂ ಒಂದು ನಿಮಿಷ ಮಾತಾಡಲಿಲ್ಲ.

ಇಲ್ಲಿ ಯಾರೂ ಕದ್ದು ಕೇಳಿಲ್ಲ. ಮಗನದು ಕಾಳಜಿಯೇ. ಆದರೂ ಅಪ್ಪ ಅಮ್ಮನ ಮಾತು ಅವರಿಗೆ ಗೊತ್ತಿಲ್ಲದೆ ಅವನ ಫೋನಿಗೆ ಹೋಗುತ್ತಿತ್ತು. 'ವಯಸ್ಸಾದವರಿಗೆ ಎಂಥ ಪ್ರೈವೆಸಿ' ಅನ್ನುವವರು ಇದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತಲ್ಲ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಾಕಿದಾಗ ಅವರಿಗೆ 80 ದಾಟಿತ್ತು.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಮೈಕ್ ಸದಾ ತೆರೆದಿರುತ್ತದೆ, ನಿಜ. ಆದರೆ ತನ್ನನ್ನು ಕರೆದರಾ ಅಂತ ಸ್ಪೀಕರ್ ತನ್ನೊಳಗೇ ನೋಡುತ್ತಾ ಇರುತ್ತದೆ. 'ಅಲೆಕ್ಸಾ' ಅಥವಾ 'ಹೇ ಗೂಗಲ್' ಅಂತ ಕೇಳಿಸಿದ ಮೇಲಷ್ಟೇ ಮಾತು ಕಂಪನಿಯ ಸರ್ವರ್‌ಗೆ ಹೋಗುತ್ತದೆ. ತೊಂದರೆ ಇರುವುದು 'ಕೇಳಿಸಿದ ಮೇಲೆ' ಅನ್ನುವುದರಲ್ಲಿ. ಕರೆಯದೇ ಇದ್ದರೂ ಕರೆದಂತೆ ಕೇಳಿಸಬಹುದು. 2020ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದವರು ಇಂಥ ಸ್ಪೀಕರ್‌ಗಳ ಮುಂದೆ ಟಿವಿ ಧಾರಾವಾಹಿ ಹಾಕಿ ನೋಡಿದರು. ತಪ್ಪಾಗಿ ಎಚ್ಚರ ಆಗಿಸುವ ಸಾವಿರಕ್ಕೂ ಹೆಚ್ಚು ಮಾತುಗಳು ಸಿಕ್ಕವು. ಅಲೆಕ್ಸಾ ಎಚ್ಚರ ಆದ ಪದಗಳಲ್ಲಿ ಒಂದು, 'ಎಲೆಕ್ಷನ್'! ಮಂಡ್ಯದಲ್ಲಿ ಎಲೆಕ್ಷನ್ ಮಾತು ಬಾರದ ಮನೆ ತೋರಿಸಿ ನೋಡೋಣ. ನಮ್ಮ ಕಡೆ 'ಮೂಟೆ ಅಲ್ಲೇ ಇಕ್ಸು' ಅನ್ನುವುದನ್ನು ಪಾಪ ಅವರು ಕೇಳಿರಲಿಕ್ಕಿಲ್ಲ.

'ನಾವು ಕನ್ನಡದಲ್ಲಿ ಮಾತಾಡ್ತೀವಿ, ಅದಕ್ಕೇನು ಅರ್ಥ ಆಗುತ್ತೆ' ಅಂತ ಕೆಲವರು ಧೈರ್ಯವಾಗಿರುತ್ತಾರೆ. ಅರ್ಥ ಆಗಲಿ ಬಿಡಲಿ, ದನಿ ರೆಕಾರ್ಡ್ ಆಗುತ್ತದೆ. ಮೇಷ್ಟ್ರ ಮಾತು ಹಾಗೇ ಅಲ್ವಾ ಸಿಕ್ಕಿಬಿದ್ದಿದ್ದು? ಅದನ್ನು ಮನುಷ್ಯರೂ ಕೇಳಿದ್ದಾರೆ. 2019ರಲ್ಲಿ ಬೆಲ್ಜಿಯಂನ ವಿಆರ್‌ಟಿ ಸುದ್ದಿಸಂಸ್ಥೆಗೆ ಗೂಗಲ್ ಅಸಿಸ್ಟೆಂಟ್‌ನ ಸಾವಿರಕ್ಕೂ ಹೆಚ್ಚು ರೆಕಾರ್ಡಿಂಗ್ ಸಿಕ್ಕವು. ಗುತ್ತಿಗೆ ಕೆಲಸಗಾರರು ಕೇಳಿ ಬರೆದುಕೊಡಲು ಇದ್ದಂಥವು. ಅದರಲ್ಲಿ 153 ಯಾರೂ ಕರೆಯದೆಯೇ ಆಗಿದ್ದವು. ಬೆಡ್‌ರೂಮಿನ ಮಾತೂ ಅದರಲ್ಲಿತ್ತು. ಅದಕ್ಕೇ ಮಲಗುವ ಕೋಣೆಯಲ್ಲಿ ಸ್ಪೀಕರ್ ಇಡಬೇಡಿ ಅಂತ ನಾನು ಹಟ ಮಾಡುತ್ತೇನೆ. ಮನೆಯಲ್ಲೇ ಆಫೀಸು ಇಟ್ಟುಕೊಂಡ ವಕೀಲರು, ಆಡಿಟರ್‌ಗಳು ಆ ಕೋಣೆಯಲ್ಲೂ ಇಡಬಾರದು. ಅಲ್ಲಿ ಬರುವುದು ಬೇರೆಯವರ ಗುಟ್ಟು.

ಮೇಷ್ಟ್ರ ಮನೆಯಲ್ಲಿ ಸ್ಪೀಕರನ್ನು ರೀಸೆಟ್ ಮಾಡಿ, ಅಮ್ಮನ ನಂಬರಿನಲ್ಲೇ ಹೊಸ ಅಕೌಂಟ್ ತೆರೆದೆ. ಅಲೆಕ್ಸಾ ಆ್ಯಪ್‌ನಲ್ಲಿ ಅಲೆಕ್ಸಾ ಪ್ರೈವೆಸಿ ಅಂತ ಒಂದು ಜಾಗ ಇದೆ. ಹಳೆಯದನ್ನು ಅಳಿಸುವುದು, ರೆಕಾರ್ಡಿಂಗ್ ಎಷ್ಟು ದಿನ ಇರಬೇಕು ಅಂತ ಹೇಳುವುದು ಅಲ್ಲೇ. 3 ತಿಂಗಳು, 18 ತಿಂಗಳು, ಇಡಲೇಬೇಡ, ಎಲ್ಲವೂ ಉಂಟು. ನಾನು 'ಇಡಬೇಡ' ಹಾಕುತ್ತೇನೆ. ಗೂಗಲ್‌ನದಾದರೆ ಗೂಗಲ್ ಅಕೌಂಟಿನ ಆ್ಯಕ್ಟಿವಿಟಿ ಪುಟದಲ್ಲಿ ನೋಡಿ. ಅಲ್ಲೂ ತಾನಾಗೇ ಅಳಿಯುವ ಹಾಗೆ ಮಾಡಬಹುದು.

ಇನ್ನೊಂದು, ಅಲೆಕ್ಸಾದ ಡ್ರಾಪ್ ಇನ್ ಸೌಲಭ್ಯ. ಅನುಮತಿ ಇದ್ದವರು ಸ್ಪೀಕರಿಗೆ ಕರೆ ಮಾಡಿದರೆ ಯಾರೂ ಎತ್ತದೆಯೇ ಮಾತು ಶುರು. ಹಸಿರು ದೀಪ ಹತ್ತುತ್ತದೆ, ಅಷ್ಟೇ. ಅಪ್ಪ ಅಮ್ಮ ಎಲ್ಲಾದರೂ ಬಿದ್ದರೆ ಗೊತ್ತಾಗಲಿ ಅಂತ ಮಗ ಅದನ್ನು ಇಟ್ಟಿದ್ದ. ತಪ್ಪೇನಿಲ್ಲ, ಆದರೆ ಮನೆಯಲ್ಲಿರುವವರನ್ನು ಕೇಳಿ ಇಡಬೇಕು. ನಾನು ಕೇಳಿದೆ. 'ಫೋನ್ ಮಾಡ್ಲಿ, ಎತ್ತುತ್ತೀನಿ. ನನ್ನ ಕೈ ಏನು ಬಿದ್ದುಹೋಗಿದ್ಯಾ?' ಅಂದರು ಅಮ್ಮ. ತೆಗೆದೆ.

ಮಂಡ್ಯ ಹತ್ತಿರದ ಹಳ್ಳಿಯಲ್ಲಿ ಒಬ್ಬ ಅಜ್ಜಿ, ನೆಂಟರು ಬಂದಾಗ ಸ್ಪೀಕರ್ ಮೇಲೆ ಮಂಕರಿ ಕವುಚಿಬಿಡುತ್ತಿದ್ದರು, ಕೋಳಿ ಮುಚ್ಚುವ ಹಾಗೆ. ಬುದ್ಧಿ ಸರಿ, ಸಾಧನ ಸಾಲದು. ಮಂಕರಿಯ ಸಂದಿಯಲ್ಲಿ ಮಾತು ಸಲೀಸಾಗಿ ಹೋಗುತ್ತದೆ. ಅಲೆಕ್ಸಾ ಇರುವ ಎಕೋ ಸ್ಪೀಕರ್ ಮೇಲೆ ಮೈಕ್ ಬಟನ್ ಇರುತ್ತದೆ, ಒತ್ತಿದರೆ ಕೆಂಪು ದೀಪ. ಗೂಗಲ್ ಕಂಪನಿಯ ನೆಸ್ಟ್ ಮಿನಿಯಲ್ಲಿ ಪಕ್ಕದಲ್ಲಿ ಸ್ವಿಚ್, ಜರುಗಿಸಿದರೆ ಕಿತ್ತಳೆ ದೀಪ. ಆಮೇಲೆ ಎಷ್ಟು ಕರೆದರೂ ಅದು ಓಗೊಡುವುದಿಲ್ಲ. ಅಷ್ಟಕ್ಕೂ ಅನುಮಾನ ಇದ್ದರೆ ಪ್ಲಗ್ ಕೀಳಿ. ಅಜ್ಜಿ ಈಗ ಅದನ್ನೇ ಮಾಡುತ್ತಾರೆ.

ಮಾತಿನಲ್ಲೇ ಸಾಮಾನು ಕೊಳ್ಳುವ ಸೌಲಭ್ಯ ಬೇಡವಾದರೆ ಆರಿಸಿ, ಬೇಕಾದರೆ ಪಿನ್ ಹಾಕಿ. ಮಕ್ಕಳಿರುವ ಮನೆಯಲ್ಲಿ ಹಿಸ್ಟರಿ ಅಳಿಸುವುದನ್ನು ಮರೆಯಬೇಡಿ. ಮಕ್ಕಳ ದನಿಯ ರೆಕಾರ್ಡಿಂಗ್‌ಗಳನ್ನು ಬಹಳ ಕಾಲ ಇಟ್ಟುಕೊಂಡ ಆರೋಪದ ಮೇಲೆ ಅಲೆಕ್ಸಾದ ಕಂಪನಿ ಅಮೆಜಾನ್ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಅದೇ ವರ್ಷ ಬಂದ ನಮ್ಮ ಡೇಟಾ ರಕ್ಷಣೆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ.

ಹಳೆ ಸ್ಪೀಕರನ್ನು ಯಾರಿಗಾದರೂ ಕೊಡುವಾಗ ಮೊದಲು ರೀಸೆಟ್ ಮಾಡಿ, ಆಮೇಲೆ ಆ್ಯಪ್‌ನಲ್ಲಿ ನಿಮ್ಮ ಅಕೌಂಟಿನಿಂದ ಅದನ್ನು ತೆಗೆದುಹಾಕಿ. ಸರಸ್ವತಿಪುರಂನಲ್ಲಿ ಒಬ್ಬರು ಇದೇನೂ ಮಾಡದೆ ಕೆಲಸದಾಕೆಯ ಕೈಗೆ ಕೊಟ್ಟುಬಿಟ್ಟಿದ್ದರು. ಅವಳ ಮನೆಯಲ್ಲಿ ವೈಫೈ ಹಾಕಿಸುವ ಮೊದಲು ನನಗೆ ಗೊತ್ತಾಯಿತು, ಪುಣ್ಯಕ್ಕೆ.