ಓದುಗರ ಪ್ರಶ್ನೆ: ಅಂಗಡಿಯ ಚೆಂದದ ಮಂಚವೋ, ಬಡಗಿ ಮಾಡುವ ಮಂಚವೋ?

ಮೂಡಿಗೆರೆ ಕಡೆಯಿಂದ ಬಂದಿರುವ ಪ್ರಶ್ನೆ ಇದು. ಸ್ವಲ್ಪ ವೇಷ ಬದಲಿಸಿಕೊಂಡು ಸಕಲೇಶಪುರದಿಂದಲೂ ಕೊಪ್ಪದಿಂದಲೂ ಬರುತ್ತಲೇ ಇರುತ್ತದೆ.

"ಹೊಸ ಮನೆ ಕಟ್ಟಿದ್ದೇವೆ. ಮಲಗುವ ಕೋಣೆ ಹತ್ತು ಅಡಿಗೆ ಹನ್ನೊಂದು ಅಡಿ. ಪೇಟೆಯ ಅಂಗಡಿಯಲ್ಲಿ ಆರಡಿ ಅಗಲದ, ಒಳಗೆ ಸಾಮಾನು ತುಂಬಬಹುದಾದ ಪೆಟ್ಟಿಗೆ ಮಂಚ ನೋಡಿದೆವು. ನೋಡಲು ಹೋಟೆಲಿನ ಕೋಣೆಯಂತಿದೆ. ಅತ್ತೆಯವರು ಕೊಟ್ಟಿಗೆಯ ಅಟ್ಟದಲ್ಲಿರುವ ಹಲಸಿನ ಹಲಗೆಯಲ್ಲೇ ಮಾಡಿಸಿ ಎನ್ನುತ್ತಾರೆ. ಅದು ಹಳೇ ಕಾಲದ್ದಾಗಿ ಕಾಣುತ್ತದೆಂದು ನಮಗೆ ಅಳುಕು. ಚೆಂದವೂ ಬೇಕು, ಆರಾಮವೂ ಬೇಕು. ಏನು ಮಾಡೋಣ?"

ಅತ್ತೆಯವರ ಮಾತು ಕೇಳಿ. ಹಲಗೆ ಮನೆಯಲ್ಲೇ ಇದೆ, ದುಡ್ಡು ಉಳಿಯುತ್ತದೆ ಎಂಬ ಕಾರಣಕ್ಕಲ್ಲ. ಮೂಡಿಗೆರೆಯ ಮಳೆಗಾಲದ ಕಾರಣಕ್ಕೆ. ಇದೇ ಜಿಲ್ಲೆಯ ಕಡೂರಿನವರೋ ಪಕ್ಕದ ಜಿಲ್ಲೆಯ ಅರಸೀಕೆರೆಯವರೋ ಕೇಳಿದ್ದರೆ ಪೆಟ್ಟಿಗೆ ಮಂಚಕ್ಕೆ ನಾನು ಅಡ್ಡ ಬರುತ್ತಿರಲಿಲ್ಲ. ಅಲ್ಲಿನ ಒಣ ಹವೆಯಲ್ಲಿ ಅದು ವರ್ಷಗಟ್ಟಲೆ ತೆಪ್ಪಗೆ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಊರಿನಲ್ಲಿ ಹಾಸಿಗೆಯ ಕೆಳಗೆ ಗಾಳಿಯಾಡದ ಪೆಟ್ಟಿಗೆ ಇಟ್ಟರೆ ಏನಾಗುತ್ತದೆಂದು ನನಗೆ ಗೊತ್ತು, ನಾನೇ ಇಟ್ಟಿದ್ದೆ.

ಆಷಾಢದ ಒಂದು ದಿನ ನೆಂಟರು ಬಂದರೆಂದು ಕಂಬಳಿ ತೆಗೆಯಲು ಹಾಸಿಗೆ ಎತ್ತಿದೆ. ಹಲಗೆಯ ಮೇಲೆ, ನಾನು ಮಲಗುವ ಜಾಗದಲ್ಲಿ, ಬೆನ್ನಿನ ಆಕಾರಕ್ಕೆ ಸರಿಯಾಗಿ ಬೂದು ಹಸಿರು ಬೂಷ್ಟು ಹಬ್ಬಿತ್ತು. ಒಳಗಿದ್ದ ಕಂಬಳಿಗೆ ಮುಗ್ಗಲು ವಾಸನೆ. ನಿದ್ದೆಯಲ್ಲಿ ಮೈಯಿಂದ ಹೊರಡುವ ಬೆವರಿನ ಆವಿ ಹಾಸಿಗೆಯೊಳಗೆ ಇಳಿಯುತ್ತದೆ. ಕೆಳಗೆ ತಣ್ಣಗಿನ, ಸಂದಿಲ್ಲದ ಹಲಗೆ ಸಿಕ್ಕರೆ ಅಲ್ಲೇ ನೀರಾಗಿ ಕೂರುತ್ತದೆ. ಕೋಣೆಯ ಗಾಳಿ ಮೊದಲೇ ತೇವ ತುಂಬಿಕೊಂಡಿರುವಾಗ ಅದು ಆರುವುದಾದರೂ ಹೇಗೆ? ಅಂಗಡಿಯವರನ್ನು ಕೇಳಿದಾಗ "ವಾರಕ್ಕೊಮ್ಮೆ ಬಿಸಿಲಿಗೆ ಇಡಿ" ಎಂದರು. ಆಷಾಢದಲ್ಲಿ ಬಿಸಿಲು ಎಲ್ಲಿ ಸಿಗುತ್ತದೆಂದು ಹೇಳಲಿಲ್ಲ.

ಆದ್ದರಿಂದ ನಿಮ್ಮ ಮಂಚಕ್ಕೆ ಕಾಲುಗಳಿರಲಿ, ಕೆಳಗೆ ಪೊರಕೆ ಆಡುವಷ್ಟು ಜಾಗವಿರಲಿ. ಹಾಸಿಗೆಯ ಕೆಳಗೆ ಪೂರ್ತಿ ಪ್ಲೈವುಡ್ ಹೊಡೆಸಬೇಡಿ. ಮೂರು ಅಂಗುಲ ಅಗಲದ ಪಟ್ಟಿಗಳನ್ನು ಎರಡು ಅಂಗುಲ ಸಂದು ಬಿಟ್ಟು ಅಡ್ಡಕ್ಕೆ ಕೂರಿಸಿ, ನಡುವೆ ಉದ್ದಕ್ಕೊಂದು ತೊಲೆ, ಅದಕ್ಕೊಂದು ಕಾಲು ಕೊಡಿಸಿ. ಸಂದು ಮೂರು ಅಂಗುಲ ದಾಟಿದರೆ ಫೋಮ್ ಹಾಸಿಗೆ ಅದರೊಳಗೆ ಜಗ್ಗುತ್ತದೆ. ಮಂಚದ ತಲೆದೆಸೆಯನ್ನು ಪಶ್ಚಿಮದ ಹೊರಗೋಡೆಗೆ ಒತ್ತಿ ಇಡಬೇಡಿ. ನಮ್ಮ ಮಳೆ ಹೊಡೆಯುವುದೇ ಆ ಕಡೆಯಿಂದ, ಗೋಡೆಯ ತಂಪು ಒಳಗೂ ತಾಗುತ್ತದೆ. ಬೇರೆ ದಾರಿಯಿಲ್ಲದಿದ್ದರೆ ನಾಲ್ಕು ಅಂಗುಲ ಬಿಡಿ.

ಇನ್ನು ನಿಮ್ಮ ಹಲಗೆಯ ವಿಷಯ. ಹಲಸು ಮಂಚಕ್ಕೆ ಹೇಳಿ ಮಾಡಿಸಿದ ಮರ. ಕೊಯ್ದಾಗ ಅರಿಶಿನದ ಬಣ್ಣ, ವರ್ಷಗಳು ಕಳೆದಂತೆ ಜೇನಿನ ಬಣ್ಣ, ಆಮೇಲೆ ಕಂದು. ಗೆದ್ದಲಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಆದರೆ ಆ ಮಾತು ಚೇಗಿಗೆ, ಅಂದರೆ ಮರದ ಒಳಗಿನ ಗಟ್ಟಿ ಭಾಗಕ್ಕೆ ಮಾತ್ರ. ತೊಗಟೆಯ ಪಕ್ಕದ ಬೆಳ್ಳಗಿನ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ. ಹಲಗೆಯನ್ನು ಅಟ್ಟದಿಂದ ಇಳಿಸಿ ಸಿಮೆಂಟು ನೆಲದ ಮೇಲೆ ಕುಟ್ಟಿ ನೋಡಿ. ಹಿಟ್ಟಿನಂಥ ಪುಡಿ ಉದುರಿದರೆ ಆ ಅಂಚನ್ನು ಕೊಯ್ಸಿ ಬಿಡಿ. ಕೊಯ್ದು ಎಷ್ಟು ಕಾಲವಾಯಿತೆಂದೂ ಅತ್ತೆಯವರನ್ನು ಕೇಳಿ. ನೆರಳಿನಲ್ಲಿ ಒಣಗಿಸುವುದಾದರೆ ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಅಂದಾಜಿದೆ. ಹಸಿ ಮರದಲ್ಲಿ ಮಾಡಿಸಿದ ಮಂಚ ಬೇಸಿಗೆಗೆ ಕುಗ್ಗಿ, ಮಗ್ಗುಲು ಬದಲಿಸಿದಾಗಲೆಲ್ಲ ಕಿರುಗುಟ್ಟಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ.

ಅದೇ ಕೋಣೆಗೆ ಬೀರುವನ್ನೂ ಮಾಡಿಸುವುದಾದರೆ, ಹಲಗೆ ಸಾಲದಿದ್ದರೆ ಪ್ಲೈವುಡ್ ತನ್ನಿ, ತಪ್ಪಿಲ್ಲ. ಆದರೆ ಹಾಳೆಯ ಮೇಲಿನ ಮುದ್ರೆ ಓದಿ. ಎಂಆರ್ (ಅಲ್ಪಸ್ವಲ್ಪ ತೇವ ತಡೆಯುವ ದರ್ಜೆ) ಎಂದಿದ್ದರೆ ಅದು ಒಣ ಜಾಗಕ್ಕೆ ತಕ್ಕದ್ದು. ಮಲೆನಾಡಿಗೆ ಐಎಸ್ 303 ಎಂಬ ಭಾರತೀಯ ಮಾನಕದ ಬಿಡಬ್ಲ್ಯೂಆರ್ (ಕುದಿಯುವ ನೀರನ್ನೂ ತಡೆಯುವ) ದರ್ಜೆಯಾದರೂ ಬೇಕು. ಐಎಸ್ 710, ಅಂದರೆ ಮರೀನ್ ಪ್ಲೈವುಡ್, ಇನ್ನೂ ಗಟ್ಟಿ, ಬೆಲೆಯೂ ಹಾಗೇ. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡವೇ ಬೇಡ. ಅಂಚಿನ ಪಟ್ಟಿ ಎದ್ದರೆ ಸಾಕು, ನೀರು ಕುಡಿದು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಊದಿಕೊಳ್ಳುತ್ತದೆ.

ಈಗ ಆರಡಿ ಅಗಲದ ಆಸೆ. ಕೋಣೆಯ ನೆಲದ ಮೇಲೆ ಹಳೆಯ ದಿನಪತ್ರಿಕೆ ಹಾಸಿ, ಮಂಚದ ಅಳತೆಗೆ ಅಂಟಿಸಿ, ಅದರ ಸುತ್ತ ಎರಡು ದಿನ ಓಡಾಡಿ. ಹನ್ನೊಂದು ಅಡಿಯ ಒಂದು ತುದಿಗೆ ಎರಡಡಿ ಆಳದ ಬೀರು ಬಂದರೆ ಉಳಿಯುವುದು ಒಂಬತ್ತಡಿ. ಆರಡಿ ಮಂಚ ಹಾಕಿದರೆ ಮೂರಡಿ. ಬೀರುವಿನ ಬಾಗಿಲು ತೆಗೆದು ಎದುರಿಗೆ ನಿಲ್ಲಲು ಎರಡೂವರೆ ಅಡಿ ಬೇಕೇ ಬೇಕು. ಮಂಚದ ಇನ್ನೊಂದು ಮಗ್ಗುಲಿಗೆ ಸಿಗುವುದು ಅರ್ಧ ಅಡಿ. ಅಲ್ಲಿ ಮಲಗುವವರು ರಾತ್ರಿ ಎದ್ದರೆ ಪಕ್ಕದವರನ್ನು ದಾಟಿಕೊಂಡೇ ಬರಬೇಕು. ಐದಡಿ ಮಂಚವಾದರೆ ಅದೇ ಮಗ್ಗುಲಲ್ಲಿ ಒಂದೂವರೆ ಅಡಿ ಸಿಗುತ್ತದೆ, ಒಬ್ಬರು ಇಳಿದು ಚಪ್ಪಲಿ ಮೆಟ್ಟಬಹುದು. ಇಬ್ಬರಿಗೆ ಐದಡಿ ಸಾಕು; ನಡುವೆ ಮಗು ಮಲಗುವ ಮನೆಯಾದರೆ ಮಾತ್ರ ಆರಡಿ ಹಿಡಿದು, ಬೀರುವನ್ನು ಬೇರೆ ಕೋಣೆಗೆ ಸಾಗಿಸಿ.

ಎತ್ತರದ ಲೆಕ್ಕದಲ್ಲಿ ಅನೇಕರು ಎಡವುತ್ತಾರೆ. ಮಂಚ ಮೊದಲು ಮಾಡಿಸಿ ಹಾಸಿಗೆ ಆಮೇಲೆ ತರುತ್ತಾರೆ. ಹಾಸಿಗೆಯ ಅಂಚಿನಲ್ಲಿ ಕುಳಿತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿಗಿಂತ ತೊಡೆ ಕೆಳಗೆ ಹೋಗಬಾರದು. ಹೆಚ್ಚಿನವರಿಗೆ ನೆಲದಿಂದ ಹಾಸಿಗೆಯ ಮೇಲ್ಮೈಗೆ ಹದಿನೆಂಟರಿಂದ ಇಪ್ಪತ್ತು ಅಂಗುಲ ಹೊಂದುತ್ತದೆ. ಹಾಸಿಗೆ ಆರಂಗುಲದ್ದಾದರೆ ಪಟ್ಟಿಗಳು ಹನ್ನೆರಡರಿಂದ ಹದಿನಾಲ್ಕು ಅಂಗುಲದಲ್ಲಿ ಬರಬೇಕು. ಈಗಿನ ಫ್ಯಾಷನ್ನಿನ ತಗ್ಗು ಮಂಚ ಚಿತ್ರದಲ್ಲಿ ಬಹಳ ಚೆಂದ. ಮಂಡಿ ನೋವಿನವರು ಅದರಿಂದ ಏಳುವುದನ್ನು ಒಮ್ಮೆ ನೋಡಿದರೆ ಆ ಚೆಂದ ಇಳಿದುಹೋಗುತ್ತದೆ. ಹಾಸಿಗೆಯ ಅಳತೆಯನ್ನೂ ಮೊದಲೇ ತಿಳಿದುಕೊಳ್ಳಿ. ಐದಡಿ ಅಗಲದ ಹಾಸಿಗೆ ಎಪ್ಪತ್ತೈದು ಅಂಗುಲ ಉದ್ದದಲ್ಲೂ ಸಿಗುತ್ತದೆ, ಎಪ್ಪತ್ತೆಂಟರಲ್ಲೂ ಸಿಗುತ್ತದೆ. ಆ ಮೂರಂಗುಲದ ಸಂದಿನಲ್ಲಿ ಮೊಬೈಲ್ ಬೀಳುತ್ತಲೇ ಇರುತ್ತದೆ.

ಹಾಗಾದರೆ ಚೆಂದ ಎಲ್ಲಿ ಬಂತು? ನಿಮ್ಮ ಅಳುಕು ಹಲಸಿನ ಮೇಲಲ್ಲ, ಹಳೆಯ ವಿನ್ಯಾಸದ ಮೇಲೆ: ದಪ್ಪ ಕಡೆದ ಕಾಲು, ತಲೆದೆಸೆಯಲ್ಲಿ ನವಿಲು, ಮೇಲೆ ಕನ್ನಡಿಯಂಥ ಪಾಲಿಶ್. ಅವೆಲ್ಲ ಬೇಕಾಗಿಯೇ ಇಲ್ಲ. ಕೆಳಗೆ ಸ್ವಲ್ಪ ಸಣ್ಣಗಾಗುವ ನಾಲ್ಕು ಸಾದಾ ಕಾಲು, ನೇರ ಚೌಕಟ್ಟು, ಮರದ ಗೆರೆಗಳು ಕಾಣುವಂತೆ ಹೊಳಪಿಲ್ಲದ ಪಾಲಿಶ್, ಇಷ್ಟೇ ಹೇಳಿ. ಬಡಗಿಗೆ ಬಾಯಿಮಾತಿನಲ್ಲಿ ಹೇಳಬೇಡಿ, ಅಳತೆ ಬರೆದ ಚಿತ್ರ ಕೊಡಿ. ಇಲ್ಲದಿದ್ದರೆ ಕೈ ತಾನಾಗಿ ನವಿಲಿನ ಕಡೆ ಹೋಗುತ್ತದೆ. ಕೆತ್ತನೆ ಬೇಕೇ ಬೇಕೆಂದರೆ ತಲೆದೆಸೆಯ ಮೇಲಂಚಿಗೆ ಮಾತ್ರ ಇರಲಿ. ಬೇಲೂರಿನ ಕೆತ್ತನೆಗೂ ಯಾರೂ ಬೆನ್ನು ಕೊಟ್ಟು ಕೂರುವುದಿಲ್ಲವಲ್ಲ. ಒರಗುವ ಭಾಗ ನುಣುಪಾಗಿರಲಿ, ಹಾಸಿಗೆಯಿಂದ ಎರಡಡಿ ಏರಿ, ಮೇಲಕ್ಕೆ ಹೋದಂತೆ ಮೂರಂಗುಲ ಹಿಂದಕ್ಕೆ ವಾಲಲಿ. ಕಾಫಿ ಲೋಟ ಹಿಡಿದು ಅರ್ಧ ಗಂಟೆ ಕೂರಲು ಅದು ಸಾಕು. ಹೋಟೆಲಿನಂಥ ಮೆತ್ತೆಯ ಆಸೆ ಬಿಡದಿದ್ದರೆ ಕಳಚಿ ಒಗೆಯಬಹುದಾದ ಹತ್ತಿ ಬಟ್ಟೆಯ ಎರಡು ಮೆತ್ತೆ ತೂಗುಹಾಕಿ. ಅಂಟಿಸಿದ ರೆಕ್ಸಿನ್ ಬೇಡ, ಅದು ತೇವಕ್ಕೆ ಅಂಟಂಟಾಗಿ ಕೊನೆಗೆ ಸಿಪ್ಪೆ ಸುಲಿಯುತ್ತದೆ.

ಚೌಕಟ್ಟನ್ನು ಬೋಲ್ಟ್ ಬಿಚ್ಚಿ ಕಳಚುವಂತೆ ಮಾಡಿಸಿ, ಕೋಣೆ ಮೇಲ್ಮಹಡಿಯಲ್ಲಿದ್ದರಂತೂ ಮರೆಯಬೇಡಿ. ಹಾಸನದ ನಮ್ಮ ನೆಂಟರ ಮನೆಯಲ್ಲಿ ಒಂದೇ ಕಟ್ಟಾಗಿ ಮಾಡಿಸಿದ ತೇಗದ ಮಂಚ ಮೆಟ್ಟಿಲಿನ ತಿರುವಿನಲ್ಲಿ ತಿರುಗಲೇ ಇಲ್ಲ. ನಾಲ್ಕು ಜನ ಒಂದು ಮಧ್ಯಾಹ್ನವೆಲ್ಲ ಹೆಣಗಿ ಕೆಳಗಿಳಿಸಿದರು. ಅದೀಗ ನಡುಮನೆಯಲ್ಲಿದೆ. ಮಾವನವರು ಅದರ ಮೇಲೆ ಕುಳಿತು ಪತ್ರಿಕೆ ಓದುತ್ತಾರೆ, ದಂಪತಿ ಮೇಲೆ ನೆಲದಲ್ಲಿ ಹಾಸಿಗೆ ಹಾಸಿ ಮಲಗುತ್ತಾರೆ.